ಒಂದು ಕೊಳಗ, ಎರಡು ತೆನೆ: ಸಾಗರ ಸೀಮೆಯ ಒಂದು ಮನೆಯ ಪ್ರಕರಣ

ಈ ಪ್ರಕರಣದಲ್ಲಿ ಯಾರೂ ಮತಾಂತರ ಆಗಿಲ್ಲ. ಯಾರೂ ಮನೆ ಬಿಟ್ಟು ಓಡಿಹೋಗಿಲ್ಲ. ಮೊದಲ ಜಗಳ ಆಗಿದ್ದು ಒಂದು ಹಿಡಿ ಭತ್ತದ ತೆನೆಗೆ.

ಮನೆ ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ದೀವರ ಮನೆ, ಅಂದರೆ ಮಲೆನಾಡಿನ ಒಂದು ರೈತ ಸಮುದಾಯದವರದ್ದು. ಹುಡುಗ ಆ ಮನೆಯ ಕಿರಿಯ ಮಗ. ಹುಡುಗಿ ತೀರ್ಥಹಳ್ಳಿ ಕಡೆಯ ಕೊಂಕಣಿ ಕ್ರೈಸ್ತರ ಮನೆಯವಳು. ಅವಳ ಅಜ್ಜ ಕರಾವಳಿಯಿಂದ ಘಟ್ಟ ಹತ್ತಿ ತೋಟದ ಕೆಲಸಕ್ಕೆ ಬಂದು ಇಲ್ಲೇ ಉಳಿದವರು. ಇಬ್ಬರೂ ಶಿವಮೊಗ್ಗದಲ್ಲಿ ಓದುವಾಗ ಪರಿಚಯವಾದರು. ಮದುವೆಯಾಗಿ ಹನ್ನೆರಡು ವರ್ಷವಾಯಿತು. ನಾನು ಹುಡುಗನ ಕಾಲೇಜಿನ ಗೆಳೆಯ. ಮದುವೆ ಮಾತುಕತೆಗೆ ಓಡಾಡಿದವರಲ್ಲಿ ನಾನೂ ಒಬ್ಬ. ಇದನ್ನು ಬರೆಯಲು ಮನೆಯವರು ಒಪ್ಪಿದ್ದಾರೆ, ಹೆಸರು ಹಾಕಬೇಡ ಅಂದಿದ್ದಾರೆ. ಹಾಗಾಗಿ ಇಲ್ಲಿ ಅವರು ಅತ್ತೆ, ಸೊಸೆ, ಮಗ, ಮೊಮ್ಮಗ ಅಷ್ಟೇ.

ಮೊದಲು ಮದುವೆಯ ವಿಷಯ ಮುಗಿಸುತ್ತೇನೆ. ಬೇರೆ ಧರ್ಮದವರನ್ನು ಮದುವೆಯಾಗಲು ಹೊರಟವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ.

ಮಗನ ಮನೆಯವರಿಗೆ ಊರಲ್ಲೇ ಧಾರೆ ಎರೆದು ಮುಗಿಸುವ ಆಸೆ ಇತ್ತು. ಆದರೆ 1955ರ ಹಿಂದೂ ವಿವಾಹ ಕಾಯ್ದೆ ಇಬ್ಬರೂ ಹಿಂದೂಗಳಾಗಿದ್ದರೆ ಮಾತ್ರ ಅನ್ವಯಿಸುತ್ತದೆ. ಕ್ರೈಸ್ತರೊಬ್ಬರು ಹಿಂದೂ ಶಾಸ್ತ್ರದಂತೆ ಆದ ಮದುವೆ ಈ ಕಾಯ್ದೆಯಡಿ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಒಂದು ಪ್ರಕರಣದಲ್ಲಿ ಹೇಳಿದೆ. ಉಳಿದದ್ದು ಎರಡು ದಾರಿ. ಒಂದು, 1954ರ ವಿಶೇಷ ವಿವಾಹ ಕಾಯ್ದೆ. ನೋಟಿಸ್ ಕೊಟ್ಟು 30 ದಿನ ಕಾಯಬೇಕು. ಆ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. ನಮ್ಮ ಕಡೆ ಅಂಥ ಕಾಗದ ಅಂಟಿದ ಸಂಜೆಗೇ ಅದರ ಫೋಟೋ ವಾಟ್ಸಾಪಲ್ಲಿ ಊರು ಸುತ್ತುತ್ತದೆ. ಇನ್ನೊಂದು, 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರು ಕ್ರೈಸ್ತರಾಗಿದ್ದರೂ ಅದರಡಿ ಚರ್ಚಿನಲ್ಲಿ ಮದುವೆ ಮಾಡಬಹುದು.

ಕಡೆಗೆ ತೀರ್ಮಾನ ಮಾಡಿದ್ದು ಗದ್ದೆ. ವಿಶೇಷ ವಿವಾಹ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಅವಿಭಕ್ತ ಕುಟುಂಬದ ಹಿಂದೂ ಒಬ್ಬ ಆ ಕಾಯ್ದೆಯಡಿ ಮದುವೆಯಾದರೆ ಕುಟುಂಬದಿಂದ ಬೇರೆಯಾದ ಹಾಗೆ. ಇಬ್ಬರೂ ಹಿಂದೂಗಳಾದರೆ 1976ರ ತಿದ್ದುಪಡಿಯಿಂದ ವಿನಾಯಿತಿ ಇದೆ. ಇಲ್ಲಿ ಅದು ಸಿಗುವುದಿಲ್ಲ. ‘ಪಾಲೇನೂ ಹೋಗಲ್ಲ, ಲೆಕ್ಕ ಬೇರೆ ಆಗ್ತದೆ ಅಷ್ಟೇ’ ಎಂದು ವಕೀಲರು ಎಷ್ಟು ಬಿಡಿಸಿ ಹೇಳಿದರೂ ಮಗನ ಅಪ್ಪನ ಕಿವಿಗೆ ಬಿದ್ದಿದ್ದು ‘ಬೇರೆ’ ಎನ್ನುವ ಒಂದೇ ಮಾತು. ಅದಕ್ಕೂ ಕಾರಣ ಇತ್ತು. ಆ ಗದ್ದೆ ಅವರಿಗೆ ಪುಕ್ಕಟೆ ಬಂದಿದ್ದಲ್ಲ. ಅವರ ಅಪ್ಪ ಗೇಣಿದಾರ. ಕಾಗೋಡು ಇಲ್ಲಿಂದ ದೂರವಿಲ್ಲ. ಅಲ್ಲಿನ ಗೇಣಿದಾರರ 1951ರ ಸತ್ಯಾಗ್ರಹದ ಮೂಲದಲ್ಲಿ ಇದ್ದಿದ್ದು ಗೇಣಿ ಭತ್ತ ಅಳೆಯುವ ಪಾತ್ರೆ, ಕೊಳಗ. ಅಳತೆಗೆ ಒಡೆಯರು ದೊಡ್ಡ ಕೊಳಗ ಇಡುತ್ತಾರೆ ಎನ್ನುವ ಸಿಟ್ಟು ಅದು. 1974ರ ಭೂಸುಧಾರಣೆ ಬಂದ ಮೇಲೆ ಆ ಗದ್ದೆ ಇವರ ಹೆಸರಿಗೆ ಆಯಿತು. ಆ ಮನೆಯ ದೇವರ ಕೋಣೆಯಲ್ಲಿ ಈಗಲೂ ಒಂದು ಹಳೇ ಕೊಳಗ ಇದೆ. ತುಂಬ ಭತ್ತ ಹಾಕಿ ಇಟ್ಟಿರುತ್ತಾರೆ. ಆ ಕೊಳಗ ಮುಂದೆ ಮತ್ತೆ ಬರುತ್ತದೆ.

ಹಾಗಾಗಿ ಚರ್ಚ್ ಮದುವೆ ಎಂದು ತೀರ್ಮಾನವಾಯಿತು. ಅಲ್ಲೂ ಸುಮ್ನೆ ಹೋಗಿ ನಿಂತರೆ ಆಗಲಿಲ್ಲ. ಕಥೊಲಿಕರೊಬ್ಬರು ದೀಕ್ಷಾಸ್ನಾನ ಆಗದವರನ್ನು ಮದುವೆಯಾಗಲು ಬಿಷಪರ ಕಡೆಯಿಂದ ವಿಶೇಷ ಅನುಮತಿ ಬೇಕು. ಶಿವಮೊಗ್ಗಕ್ಕೆ ಬೇರೆ ಧರ್ಮಪ್ರಾಂತ್ಯ, ಅಂದರೆ ಬೇರೆ ಬಿಷಪರ ಆಡಳಿತ, ಆಗಿದ್ದು 1988ರಲ್ಲಿ, ಕಾಗದ ಅಲ್ಲಿಗೆ ಹೋಗಿ ಬಂತು. ಹುಡುಗಿ ಒಂದು ಮಾತು ಬರೆದು ಕೊಡಬೇಕು: ನನ್ನ ವಿಶ್ವಾಸ ಬಿಡುವುದಿಲ್ಲ, ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಲು ಕೈಲಾದ್ದನ್ನೆಲ್ಲ ಮಾಡುತ್ತೇನೆ ಅಂತ. ಹುಡುಗ ಏನೂ ಬರೆದು ಕೊಡಬೇಕಿಲ್ಲ. ಅವಳು ಹೀಗೆ ಮಾತು ಕೊಟ್ಟಿದ್ದಾಳೆ ಎಂದು ಅವನಿಗೆ ತಿಳಿಸಿದರೆ ಸಾಕು. ಹಿಂದೆ ಇಬ್ಬರೂ ಮಾತು ಕೊಡಬೇಕಿತ್ತು, 1970ರಲ್ಲಿ ಪೋಪ್ ಆರನೇ ಪೌಲ್ ಅದನ್ನು ಬದಲಿಸಿದರು. ‘ತಿಳಿಸಿದರೆ ಸಾಕು’ ಎನ್ನುವುದು ಅವತ್ತು ನಮಗೆಲ್ಲ ಹಗುರ ಅನ್ನಿಸಿತ್ತು. ಅದರ ಭಾರ ಗೊತ್ತಾಗಿದ್ದು ಕೆಲವು ವರ್ಷ ಕಳೆದ ಮೇಲೆ.

ಇನ್ನೊಂದು ನಿಯಮವೂ ಇತ್ತು. ಚರ್ಚಿನಲ್ಲಿ ಒಪ್ಪಿಗೆ ಹೇಳಿದ ಮೇಲೆ, ಅಥವಾ ಅದಕ್ಕೆ ಮುಂಚೆ, ಅದೇ ಒಪ್ಪಿಗೆಯನ್ನು ಇನ್ನೊಂದು ಧರ್ಮದ ವಿಧಿಯಲ್ಲಿ ಹೇಳುವಂತಿಲ್ಲ. ಅಂದರೆ ಧಾರೆ ಇಲ್ಲ. ಇದನ್ನು ಅತ್ತೆಗೆ ಹೇಳುವ ಕೆಲಸ ನನ್ನ ತಲೆಗೆ ಬಿತ್ತು. ಅತ್ತೆ ಅಡಿಕೆ ಸುಲಿಯುತ್ತಾ ಕೇಳಿದರು: ‘ಹಸೆ ಮೇಲೆ ಕೂರ್ಸಬೌದನಾ?’ ನಾನು ಪಾದ್ರಿಯನ್ನು ಕೇಳಿದೆ. ಕೂರಿಸಬಹುದು, ಆರತಿ ಎತ್ತಬಹುದು, ಊಟ ಹಾಕಬಹುದು, ಒಪ್ಪಿಗೆಯ ಮಾತು ಮಾತ್ರ ಇನ್ನೊಮ್ಮೆ ಬೇಡ ಅಂದರು. ಅತ್ತೆ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಹಸೆ ಚಿತ್ತಾರ ಬರೆಸಿದರು. ಪುಂಡಿ ನಾರಿನ ಕುಂಚದಲ್ಲಿ ಮೂರು ದಿನದ ಕೆಲಸ. ಅದರ ಮುಂದೆ ಇಬ್ಬರನ್ನೂ ಕೂರಿಸಿ ಆರತಿ ಎತ್ತಿದರು. ಬಂದ ನೆಂಟರಲ್ಲಿ ಅರ್ಧ ಜನ ಅದೇ ಮದುವೆ ಅಂದುಕೊಂಡು ಹೋದರು. ಯಾರೂ ತಿದ್ದಲಿಲ್ಲ.

ತೆನೆಯ ಜಗಳ

ಕಥೊಲಿಕ ಕೊಂಕಣಿಗರಿಗೆ ಸೆಪ್ಟೆಂಬರ್ 8 ಮೊಂತಿ ಫೆಸ್ತ್. ಮರಿಯಮ್ಮನವರು ಹುಟ್ಟಿದ ದಿನ. ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಹೂ ತಂದು ಮರಿಯಮ್ಮನ ಮೂರ್ತಿಗೆ ಹಾಕುತ್ತಾರೆ. ಹಬ್ಬದ ದಿನ ಪಾದ್ರಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗಿಷ್ಟು ಅಂತ ಹಂಚುತ್ತಾರೆ. ಮನೆಯಲ್ಲಿ ಆ ಕಾಳು ಬಿಡಿಸಿ, ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಸ್ವಲ್ಪ ಸ್ವಲ್ಪ ಕುಡಿಯುತ್ತಾರೆ. ಊಟ ಬಾಳೆ ಎಲೆಯಲ್ಲಿ, ಅವತ್ತು ಮೀನು ಮಾಂಸ ಇಲ್ಲ. ಇದಕ್ಕೆ ಅವರು ನೊವೆಂ ಅನ್ನುತ್ತಾರೆ. ಹೊಸತು ಅಂತ ಅರ್ಥ.

ಮದುವೆಯಾದ ಮೊದಲ ಸೆಪ್ಟೆಂಬರಿನಲ್ಲಿ ಸೊಸೆ ಚರ್ಚಿನಿಂದ ನಾಲ್ಕು ತೆನೆ ತಂದಳು. ಖುಷಿಯಿಂದ ಸೀದಾ ದೇವರ ಕೋಣೆಗೆ ಹೋಗಿ ಕೊಳಗದ ಮೇಲೆ ಇಟ್ಟಳು. ಒಳ್ಳೇ ಮನಸ್ಸಿನಿಂದಲೇ ಇಟ್ಟಿದ್ದು. ಅತ್ತೆ ನೋಡಿ ಬಾಯಿ ಮುಚ್ಚಿಕೊಂಡು ಹೊರಗೆ ಹೋದವರು ಸಂಜೆಯವರೆಗೆ ಒಳಗೆ ಬರಲಿಲ್ಲ.

ಮನೆಯ ಗಂಡಸರು, ನಾನೂ ಸೇರಿ, ಇದನ್ನು ಧರ್ಮದ ಜಗಳ ಅಂದುಕೊಂಡೆವು. ಚರ್ಚಿನ ವಸ್ತು ದೇವರ ಕೋಣೆಗೆ ಬಂತಲ್ಲ, ಅದಕ್ಕೇ ಸಿಟ್ಟು ಅಂತ. ಮಗ ಅಮ್ಮನ ಮುಂದೆ ಹೋಗಿ, ಎಲ್ಲ ದೇವರೂ ಒಂದೇ ಎಂದು ಭಾಷಣ ಶುರು ಮಾಡಿದ. ಅತ್ತೆ ಸಿಡುಕಿದರು. ಅವರ ತಕರಾರು ಬೇರೆಯೇ ಇತ್ತು. ಅದು ಪಂಚಾಂಗದ ತಕರಾರು.

ನಮ್ಮ ಕಡೆ ಭತ್ತ ನೆಟ್ಟಿ ಆಗುವುದು ಜುಲೈನಲ್ಲಿ. ಸೆಪ್ಟೆಂಬರ್ 8ಕ್ಕೆ ಗದ್ದೆಯಲ್ಲಿ ತೆನೆ ಇರುವುದಿಲ್ಲ. ಆ ಚರ್ಚಿಗೆ ತೆನೆ ಬರುವುದು ಘಟ್ಟದ ಕೆಳಗಿಂದ. ನಮ್ಮ ಭತ್ತ ಹೊಡೆ ತುಂಬುವುದು ಆಶ್ವಯುಜದ ಹುಣ್ಣಿಮೆ ಹೊತ್ತಿಗೆ. ಅದೇ ಸೀಗಿ ಹುಣ್ಣಿಮೆ, ಭೂಮಿ ಹುಣ್ಣಿಮೆ. ಆಗ ಭೂಮಿ ಬಸುರಿ. ದೀವರ ಮನೆಗಳಲ್ಲಿ ಅದಕ್ಕೆ ಸೀಮಂತ ಮಾಡುತ್ತಾರೆ. ಹುಣ್ಣಿಮೆಗೆ ಮುಂಚೆ ಹೆಂಗಸರು, ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ರಾತ್ರಿಯಿಡೀ ಅಡುಗೆ: ಕಡುಬು, ಬುತ್ತಿ, ಹಲವು ಬಗೆಯ ಸೊಪ್ಪು ತರಕಾರಿ ಹಾಕಿ ಬೇಯಿಸಿದ ಹಚ್ಚಂಬಲಿ. ಬೆಳಗಿನ ಜಾವ ಪಂಜು ಹಿಡಿದು ಗದ್ದೆಗೆ ಹೋಗಿ, ಹಚ್ಚಂಬಲಿ ಬೀರುತ್ತಾ ಭೂಮಿ ತಾಯಿಯನ್ನು ಉಣ್ಣಲು ಕರೆಯುತ್ತಾರೆ. ಭತ್ತದ ಸಸಿಗೆ ಸೀರೆ, ತಾಳಿ ಇಟ್ಟು ಪೂಜೆ. ಒಂದು ಪಾಲು ಕಾಗೆಗೆ, ಒಂದು ಪಾಲು ಇಲಿಗೆ. ಒಂದು ಕಡುಬನ್ನು ಗದ್ದೆಯಲ್ಲೇ ಹೂಳುತ್ತಾರೆ.

ಅತ್ತೆ ಅಂದಿದ್ದು ಇದು: ‘ನಮ್ಮ ಗದ್ದೆಗೆ ಇನ್ನೂ ಬಯಕೆ ಊಟ ಬಡಿಸಿಲ್ಲ. ಅಷ್ಟರಲ್ಲಿ ಬೇರೆ ಮನೆ ಕೂಸು ತಂದು ನಮ್ಮ ತೊಟ್ಟಿಲಿಗೆ ಹಾಕಿದ್ಯಲ್ಲ?’

ಸೊಸೆಗೆ ಇದು ತಕ್ಷಣ ಅರ್ಥವಾಯಿತು. ಗಂಡಸರಿಗೆ ಆಗಲಿಲ್ಲ. ಅವತ್ತು ನಾನು ಅಲ್ಲೇ ಜಗಲಿಯಲ್ಲಿ ಕೂತಿದ್ದೆ. ‘ಎಲ್ಲ ಒಂದೇ’ ಎನ್ನುವ ಮಾತಿನಿಂದ ಆ ಮನೆಯಲ್ಲಿ ಒಂದು ತೊಂದರೆಯೂ ಬಗೆಹರಿದಿದ್ದನ್ನು ನಾನು ಈ ಹನ್ನೆರಡು ವರ್ಷದಲ್ಲಿ ನೋಡಿಲ್ಲ. ಎಲ್ಲ ಒಂದೇ ಅಂದ ಕೂಡಲೇ ಎದುರಿನವರು ಎಂತಕ್ಕೆ ಬೇಜಾರಾಗಿದ್ದಾರೆ ಅಂತ ಕೇಳುವ ಕೆಲಸ ನಿಂತುಹೋಗುತ್ತದೆ, ಅಲ್ವಾ? ಬಗೆಹರಿದಾಗೆಲ್ಲ ಬಗೆಹರಿದಿದ್ದು ಎರಡನ್ನೂ ಬೇರೆ ಬೇರೆ ಇಟ್ಟು, ಯಾವುದು ಎಲ್ಲಿ, ಯಾವಾಗ, ಯಾರ ಕೈಯಲ್ಲಿ ಎಂದು ಕೂತು ಮಾತಾಡಿದ ಮೇಲೆ.

ತೆನೆಯ ವಿಷಯದಲ್ಲಿ ಆಗಿದ್ದೂ ಹಾಗೇ. ಸೊಸೆ ತೆನೆಯನ್ನು ಕೊಳಗದಿಂದ ತೆಗೆದು ತನ್ನ ಕೋಣೆಯಲ್ಲಿರುವ ಮರಿಯಮ್ಮನ ಚಿತ್ರಕ್ಕೆ ಸಿಕ್ಕಿಸಿದಳು. ಕಾಳು ಬಿಡಿಸಿ ಹಾಲಿಗೆ ಹಾಕಿ ಅವಳು ಕುಡಿದಳು, ಗಂಡನಿಗೂ ಕೊಟ್ಟಳು. ಅತ್ತೆ ಕುಡಿಯಲಿಲ್ಲ, ಯಾರೂ ಒತ್ತಾಯ ಮಾಡಲಿಲ್ಲ. ಪ್ರಶ್ನೆ ಉಳಿದಿದ್ದು ಒಣಗಿದ ಹುಲ್ಲು, ಉಳಿದ ತೆನೆಗೆ. ಆಶೀರ್ವಾದ ಮಾಡಿದ ವಸ್ತುವನ್ನು ಕಸಕ್ಕೆ ಎಸೆಯುವಂತಿಲ್ಲ. ಸುಡಬೇಕು, ಇಲ್ಲವೇ ಮಣ್ಣಿನಲ್ಲಿ ಹೂಳಬೇಕು. ಇದು ಕಥೊಲಿಕರ ಹಳೇ ರೂಢಿ. ಅಕ್ಟೋಬರಿನಲ್ಲಿ ಅತ್ತೆ ಬುಟ್ಟಿ ಹೊರಡಿಸುವಾಗ ಸೊಸೆ ಕೇಳಿದಳು: ‘ನೀವು ಕಡುಬು ಹೂಳ್ತೀರಲ್ಲ, ಇದನ್ನೂ ಗದ್ದೆಯಲ್ಲಿ ಹೂಳ್ಬಹುದಾ? ನಮ್ಮಲ್ಲೂ ಹೂಳೋದೇ.’

ಅತ್ತೆ ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಕಡುಬಿನ ಗುಂಡಿಗೆ ಬೇಡ, ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡು ಅಂದರು. ಈ ಎರಡು ಗುಂಡಿ ಇವತ್ತಿಗೂ ನಡೆದುಕೊಂಡು ಬಂದಿದೆ. ಮಧ್ಯೆ ಒಂದು ಮೊಳ ಅಂತರ.

ಬಳ್ಳಿಗಾವಿಯ ನೆನಪು

ಇಂಥ ಕಥೆ ಹೇಳಿದರೆ ಕೇಳಿದವರು ‘ನಮ್ಮ ಮಲೆನಾಡಲ್ಲಿ ಮೊದಲಿಂದಲೂ ಎಲ್ಲ ಕಲಸಿಕೊಂಡೇ ಇತ್ತು’ ಅನ್ನುತ್ತಾರೆ. ಶಿಕಾರಿಪುರದ ಬಳ್ಳಿಗಾವಿಯನ್ನು ಉದಾಹರಣೆ ಕೊಡುತ್ತಾರೆ. ಅಲ್ಲಮ ಹುಟ್ಟಿದ ಊರು ಎಂದು ಹೆಸರಾದ ಜಾಗ. ಅಲ್ಲಿ ಶೈವರ ಕಾಳಾಮುಖ ಪಂಥದ ಕೋಡಿಯ ಮಠ ಇತ್ತು. ಆ ಮಠವನ್ನು ವರ್ಣಿಸುವ 1162ರ ಶಾಸನ, ಅಲ್ಲಿ ಬೌದ್ಧ ದರ್ಶನವನ್ನೂ ಸೇರಿಸಿ ಹಲವು ದರ್ಶನಗಳ ಪಾಠ ಹೇಳುತ್ತಿದ್ದರು ಎನ್ನುತ್ತದೆ. ಜೈನ ಬಸದಿ ಇತ್ತು, ವಿಷ್ಣುವಿನ ಗುಡಿ ಇತ್ತು, 1065ರ ಹೊತ್ತಿಗೆ ಕಟ್ಟಿದ ಬೌದ್ಧ ವಿಹಾರವೂ ಇತ್ತು. ಎಲ್ಲ ನಿಜ. ಆದರೆ ಆ ಶಾಸನಗಳನ್ನು ಓದಿದರೆ ಕಾಣುವುದು ಕಲಸುಮೇಲೋಗರ ಅಲ್ಲ. ಒಂದೊಂದು ಗುಡಿಗೂ ಒಂದೊಂದು ದತ್ತಿ, ಅದರದ್ದೇ ಭೂಮಿ, ಅದರದ್ದೇ ಗಡಿ. ನನ್ನ ಕಣ್ಣಿಗೆ ಆ ಊರೂ ಅತ್ತೆಯ ಎರಡು ಗುಂಡಿಯ ಹಾಗೇ ಕಾಣುತ್ತದೆ.

ಚೌಡಿಯ ಕೋಳಿ

ಮನೆಯ ಹಿಂದಿನ ಕಾನಿನಲ್ಲಿ, ಅಂದರೆ ಕಾಡಿನಲ್ಲಿ, ಚೌಡಿ ದೇವತೆಯ ಬನ ಇದೆ. ವರ್ಷಕ್ಕೊಮ್ಮೆ ಕೋಳಿ ಕೊಡುತ್ತಾರೆ. ಸೊಸೆಗೆ ನಿಜವಾಗಿ ಕಷ್ಟ ಆಗಿದ್ದು ಇಲ್ಲಿ. ಅವಳು ಮಾಂಸ ತಿನ್ನದವಳೇನಲ್ಲ. ಆದರೆ ಇನ್ನೊಂದು ದೇವರಿಗೆ ಅರ್ಪಿಸಿದ್ದನ್ನು ತಿನ್ನಬಹುದಾ ಎನ್ನುವುದು ಕ್ರೈಸ್ತರಿಗೆ ಮೊದಲ ಶತಮಾನದಿಂದ ಇರುವ ಪ್ರಶ್ನೆ. ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯ ಇದರ ಮೇಲೆಯೇ ಇದೆ. ಊಟದಿಂದ ದೇವರಿಗೆ ಹತ್ತಿರವೂ ಆಗುವುದಿಲ್ಲ ದೂರವೂ ಆಗುವುದಿಲ್ಲ, ಪೇಟೆಯಲ್ಲಿ ಮಾರುವ ಮಾಂಸವನ್ನು ವಿಚಾರಿಸದೆ ತಿನ್ನಿ ಅನ್ನುತ್ತಾನೆ. ಅದೇ ಪತ್ರದಲ್ಲಿ, ಎರಡು ಪಂಕ್ತಿಯಲ್ಲಿ ಕೂರುವಂತಿಲ್ಲ ಎಂದೂ ಹೇಳುತ್ತಾನೆ. ನೀನು ತಿಂದಿದ್ದು ನೋಡಿ ಇನ್ನೊಬ್ಬ ವಿಶ್ವಾಸಿ ಎಡವಿದರೆ ತಿನ್ನಬೇಡ ಅಂತಲೂ ಇದೆ.

ಕಥೊಲಿಕ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ, ಬೇರೆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದನ್ನು ಚರ್ಚ್ ತಳ್ಳಿಹಾಕುವುದಿಲ್ಲ ಎಂದಿತು. 1969ರಲ್ಲಿ ಭಾರತದ ಪೂಜಾವಿಧಿಗೆ ಆರತಿ, ಕೈಮುಗಿಯುವುದು ಮುಂತಾದ ಹನ್ನೆರಡು ಅಂಶಗಳಿಗೆ ಒಪ್ಪಿಗೆ ಸಿಕ್ಕಿತು. ಅದು ಚರ್ಚಿನ ಒಳಗೆ ಆರತಿ ತರುವ ಮಾತು. ಸೊಸೆ ಚೌಡಿ ಬನಕ್ಕೆ ಹೋಗಿ ಪ್ರಸಾದ ತಿನ್ನುವುದಕ್ಕೆ ಅದರಲ್ಲಿ ಉತ್ತರ ಇಲ್ಲ. ಪಾದ್ರಿ ಅವಳಿಗೆ ಪೌಲನ ಪತ್ರ ಓದಲು ಹೇಳಿ, ನಿನ್ನ ಮನಸ್ಸು ಎಲ್ಲಿ ಚುಚ್ಚುತ್ತದೆ ಅಂತ ನೋಡು ಅಂದರಂತೆ.

ಅವಳು ಅತ್ತೆಗೆ ಇದ್ದಿದ್ದು ಇದ್ದ ಹಾಗೆ ಹೇಳಿದಳು. ಬನಕ್ಕೆ ಬರುತ್ತೇನೆ, ದೂರ ನಿಲ್ಲುತ್ತೇನೆ, ಪ್ರಸಾದ ತಗೊಳ್ಳಲ್ಲ ಅಂತ. ಅತ್ತೆ ಉತ್ತರ ನನಗೆ ಇಷ್ಟ: ‘ನಿಲ್ಲೋದು ಬೇರೆ, ಮಾಡೋದು ಬೇರೆ. ನೀ ನಿಂತ್ಕ. ನಾನೂ ನಿಮ್ಮ ಚರ್ಚಲ್ಲಿ ನಿಂತ್ಕಂಡೇ ಬಂದಿದ್ದು.’ ಹೌದು, ಮೊಮ್ಮಗನ ದೀಕ್ಷಾಸ್ನಾನದ ದಿನ ಅವರು ಹಿಂದಿನ ಬೆಂಚಿನ ಹತ್ತಿರ ನಿಂತೇ ಇದ್ದರು. ಎಲ್ಲರೂ ಮೊಣಕಾಲೂರಿದಾಗಲೂ ನಿಂತಿದ್ದರು.

ಬನದಲ್ಲಿ ಕೊಯ್ದ ಕೋಳಿಯ ಒಂದು ಪಾಲು ಮನೆಗೆ ಬಂದು ಸಾರಾಗುತ್ತದೆ. ಆ ಸಾರನ್ನು ಅವಳು ಉಣ್ಣುತ್ತಾಳೆ. ಎಡೆ ಇಟ್ಟಿದ್ದನ್ನು ಮುಟ್ಟುವುದಿಲ್ಲ. ಇದು ಶಾಸ್ತ್ರದ ಪ್ರಕಾರ ಎಷ್ಟು ಸರಿ ಎಂದು ಎರಡೂ ಕಡೆಯ ಪಂಡಿತರು ತಕರಾರು ತೆಗೆಯಬಹುದು. ಮಗನ ದೊಡ್ಡಪ್ಪ ಈಗಲೂ ತೆಗೆಯುತ್ತಾರೆ. ಪ್ರಸಾದ ಬೇಡ ಅನ್ನುವವಳು ಬನಕ್ಕೆ ಯಾಕೆ ಬರಬೇಕು ಅನ್ನುವುದು ಅವರ ವಾದ. ಆ ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ.

ಒಂದೇ ಕಾಲಂ

ಮೊಮ್ಮಗನನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ ಮನೆ ಹೆಚ್ಚುಕಮ್ಮಿ ಮುರಿದಿತ್ತು. ಅರ್ಜಿಯಲ್ಲಿ ಧರ್ಮ, ಜಾತಿ ಎಂದು ಕಾಲಂ ಇರುತ್ತದೆ. ಮಗ ಹೆಂಡತಿಯನ್ನು ಕೇಳದೆ ‘ಹಿಂದೂ, ದೀವರು’ ಎಂದು ಬರೆದು ಬಂದ. ಅವನ ಲೆಕ್ಕ ಸರಳ. ಅಪ್ಪನ ಜಾತಿ ಮಗನಿಗೆ. ರಾಜ್ಯದ ಹಿಂದುಳಿದ ವರ್ಗಗಳ ಮೀಸಲಾತಿ ಪಟ್ಟಿಯಲ್ಲಿ ದೀವರು ಪ್ರವರ್ಗ 2ಎ, ಕ್ರೈಸ್ತರು 3ಬಿ. ಮುಂದೆ ಸೀಟು, ಕೆಲಸ ಅಂತ ಬಂದಾಗ ವ್ಯತ್ಯಾಸ ಆಗುತ್ತದೆ.

ಸೊಸೆ ಕೇಳಿದ್ದು ಒಂದೇ ಪ್ರಶ್ನೆ: ‘ನಾನು ಮಾತು ಬರೆದು ಕೊಟ್ಟಿದ್ದು ನಿನಗೆ ಅವತ್ತೇ ತಿಳಿಸಿದ್ರಲ್ಲ?’

‘ಅದು ಬರೀ ಕಾಲಂ’ ಅಂದ ಅವನು. ಅವನು ಹೇಳಿದ ಅತ್ಯಂತ ಕೆಟ್ಟ ಮಾತು ಇದು ಅನ್ನಿಸುತ್ತದೆ ನನಗೆ. ಕಾಲಂ ಬರೀ ಕಾಲಂ ಆಗಿದ್ದರೆ ಅವನು ಅಷ್ಟು ಅವಸರದಲ್ಲಿ ತುಂಬುತ್ತಲೇ ಇರಲಿಲ್ಲ. ಅವಳು ಮಗುವನ್ನು ಕರೆದುಕೊಂಡು ತವರಿಗೆ ಹೋದಳು. ವಾಪಸ್ ಬರಲು ಎರಡು ತಿಂಗಳಾಯಿತು. ಅವನು ಗೆಳೆಯ ಅಂತ ನಾನೂ ಅವನ ಪರ ಮಾತಾಡಿದ್ದೆ. ಅದಕ್ಕೆ ಅವಳು ನನ್ನ ಹತ್ತಿರ ಒಂದು ವರ್ಷ ಸರಿಯಾಗಿ ಮಾತಾಡಲಿಲ್ಲ.

ಇದು ಇವತ್ತಿಗೂ ಬಗೆಹರಿದಿಲ್ಲ. ಶಾಲೆಯ ದಾಖಲೆಯಲ್ಲಿ ಒಂದು ಇದೆ, ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಇನ್ನೊಂದಿದೆ. ಎರಡು ಹೆಸರೂ ಇವೆ. ಗದ್ದೆಯಲ್ಲಿ ಎರಡು ಗುಂಡಿ ತೋಡಲು ಜಾಗ ಇತ್ತು. ಅರ್ಜಿಯಲ್ಲಿ ಒಂದೇ ಕಾಲಂ. ವಕೀಲರು, ಜಾತಿ ಪ್ರಮಾಣಪತ್ರಕ್ಕೆ ಹೋಗುವ ಮುಂಚೆ ಇಬ್ಬರೂ ಕೂತು ತೀರ್ಮಾನ ಮಾಡಿ, ಆಮೇಲೆ ತಿದ್ದುವುದು ಸುಲಭವಲ್ಲ ಎಂದು ಹೇಳಿದ್ದಾರೆ. ಇನ್ನೂ ಕೂತಿಲ್ಲ.

ಮೊಮ್ಮಗನಿಗೆ ಈಗ ಹತ್ತು ವರ್ಷ. ಭಾನುವಾರ ಪೂಜೆಯಲ್ಲಿ ಪಾದ್ರಿಗೆ ಸಹಾಯ ಮಾಡಲು ನಿಲ್ಲುತ್ತಾನೆ. ಭೂಮಿ ಹುಣ್ಣಿಮೆ ಬೆಳಗಿನ ಜಾವ ಪಂಜು ಹಿಡಿದು ಎಲ್ಲರಿಗಿಂತ ಮುಂದೆ ಓಡುವವನೂ ಅವನೇ. ಅಜ್ಜಿಯನ್ನು ಒಮ್ಮೆ ಕೇಳಿದ್ದನಂತೆ, ಚೌಡಿಗೂ ಮರಿಯಮ್ಮನಿಗೂ ಗುರುತು ಇದೆಯಾ ಅಂತ. ‘ಒಂದೇ ಸೀಮೆಯವರು, ಇರ್ತದೆ, ಮಲಗು’ ಅಂದರಂತೆ ಅತ್ತೆ. ಕೇಳಿದವರೆಲ್ಲ ಆಹಾ ಅನ್ನುತ್ತಾರೆ. ಸೊಸೆಗೆ ಮಾತ್ರ ಆ ಉತ್ತರ ಹಿಡಿಸಲಿಲ್ಲ. ಮರುದಿನ ಮಗನನ್ನು ಕೂರಿಸಿಕೊಂಡು, ಇಬ್ಬರೂ ಬೇರೆ ಬೇರೆ ಎಂದು ಬಿಡಿಸಿ ಹೇಳಿದಳು.

ಈಗಿನ ಸ್ಥಿತಿ

ಮೂರು ವರ್ಷದ ಹಿಂದೆ ಕೆಳಗಿನ ಗದ್ದೆಗೂ ಅಡಿಕೆ ಸಸಿ ಹಾಕಿದರು. ನಮ್ಮ ಕಡೆ ಗದ್ದೆಗಳೆಲ್ಲ ತೋಟವಾಗುತ್ತಿವೆ. ಅಡಿಕೆ ದರದ ಎದುರು ಭತ್ತ ಬೆಳೆಯಿರಿ ಎಂದು ಯಾರಿಗೆ ಹೇಳುವುದು? ಸುಮಾರು ಮನೆಗಳಲ್ಲಿ ಈಗ ಅಡಿಕೆ ಮರಕ್ಕೇ ಸೀರೆ ಉಡಿಸಿ ಭೂಮಿ ಹುಣ್ಣಿಮೆ ಮಾಡುತ್ತಾರೆ. ಅತ್ತೆ ಒಪ್ಪಲಿಲ್ಲ. ಬಾವಿಯ ಹತ್ತಿರ ಎರಡು ಗುಂಟೆ ಉಳಿಸಿಕೊಂಡು ಭತ್ತ ನಡುತ್ತಾರೆ.

ಈ ವರ್ಷ ಒಂದು ಹೊಸ ಕೆಲಸ ಮಾಡಿದರು. ಮೇ ತಿಂಗಳಲ್ಲೇ ಬಾವಿ ನೀರು ಹಾಯಿಸಿ, ಬೇಗ ತೆನೆ ಬರುವ ಒಂದು ತಳಿ ತರಿಸಿ ಒಂದು ಮೂಲೆಯಲ್ಲಿ ಬಿತ್ತಿದರು. ಉಳಿದ ಜಾಗದಲ್ಲಿ ಎಂದಿನಂತೆ ಜುಲೈನಲ್ಲಿ ನೆಟ್ಟಿ. ನಡುವೆ ಬದು. ಯಾಕೆ ಅಂತ ಮಗ ಕೇಳಿದರೆ, ‘ಆ ಮೂಲೆ ಸೆಪ್ಟೆಂಬರಿಗೆ. ಇದು ಹುಣ್ಣಿಮೆಗೆ. ಚರ್ಚಿಗೆ ಎಲ್ಲಿಂದಲೋ ತೆನೆ ತರ್ತಾರೆ, ನಮ್ಮ ಮನೆಯಿಂದಲೇ ಹೋಗ್ಲಿ’ ಅಂದರು. ಸೊಸೆ ಪಾದ್ರಿಗೂ ಹೇಳಿ ಇಟ್ಟಳು.

ಆಗಸ್ಟ್ ಕೊನೆಯ ವಾರ ಕಾಡುಹಂದಿ ಬಂದು ಆ ಮೂಲೆಯನ್ನು ಪೂರ್ತಿ ಮಗುಚಿ ಹಾಕಿತು. ಬದುವಿನ ಈ ಕಡೆ ಒಂದು ಸಸಿಯನ್ನೂ ಮುಟ್ಟಿರಲಿಲ್ಲ. ಸೆಪ್ಟೆಂಬರ್ 8ಕ್ಕೆ ತೆನೆ ಎಂದಿನಂತೆ ಘಟ್ಟದ ಕೆಳಗಿಂದ ಬಸ್ಸಿನಲ್ಲಿ ಬಂತು. ಅತ್ತೆ ಈಗ ಮುಂದಿನ ವರ್ಷಕ್ಕೆ ಸೋಲಾರ್ ಬೇಲಿಯ ರೇಟು ವಿಚಾರಿಸುತ್ತಿದ್ದಾರೆ.